ಘರ್ಷಣೆಯ ಕಿಟ್: ದಿಮ್ಮಿಯ ಒಂದು ಪಕ್ಕಕ್ಕೆ ಮಾತ್ರ ವಾರ್ನಿಷ್

ಪ್ರೌಢಶಾಲೆಯಲ್ಲಿ ಇಪ್ಪತ್ತೊಂಬತ್ತು ವರ್ಷ ವಿಜ್ಞಾನ ಹೇಳಿಕೊಟ್ಟು ನಿವೃತ್ತಳಾದವಳು ನಾನು. ಈಗ ಶಿರಸಿಯ ನಮ್ಮ ಮನೆಯ ಜಗಲಿಯಲ್ಲಿ ಸಂಜೆ ಹೊತ್ತು ಆರೇಳು ಮಕ್ಕಳು ಬಂದು ಕೂರುತ್ತಾರೆ. ಅವರಿಗೆಂದೇ 1,650 ರೂಪಾಯಿ ಕೊಟ್ಟು ಆನ್‌ಲೈನ್‌ನಲ್ಲಿ ಈ ಕಿಟ್ ತರಿಸಿದೆ. ಮಡಚಿ ಏರಿಸಬಹುದಾದ ಹಲಗೆ, ತುದಿಯಲ್ಲಿ ರಾಟೆ, ಬದಿಯಲ್ಲಿ ಕೋನಮಾಪಕ, ಕೊಕ್ಕೆ ಹಾಕಿದ 200 ಗ್ರಾಂನ ಮರದ ದಿಮ್ಮಿ, ತೂಕದ ಬಟ್ಟುಗಳು, 5 ನ್ಯೂಟನ್ ಅಳೆಯುವ ಸ್ಪ್ರಿಂಗ್ ತಕ್ಕಡಿ. ಹಲಗೆ ಗಟ್ಟಿಯಾಗಿದೆ, ತಕ್ಕಡಿಯೂ ನಿಖರವಾಗಿದೆ. ಹೊಗಳಿಕೆ ಇಷ್ಟಕ್ಕೇ ಸಾಕು.

ಮೊದಲ ದಿನ ದಿಮ್ಮಿಯ ಮೇಲೆ 500 ಗ್ರಾಂ ಬಟ್ಟು ಇಟ್ಟು, ತಕ್ಕಡಿ ಸಿಕ್ಕಿಸಿ ಎಳೆಸಿದೆ. ಬರಿ ದಿಮ್ಮಿಯನ್ನು ಎಳೆದರೆ ಮುಳ್ಳು ಎರಡು ಮೂರು ಗೆರೆ ದಾಟುವುದೇ ಕಷ್ಟ, ತೂಕ ಹೇರಿಯೇ ಅಳೆಯಿರಿ. ಮುಳ್ಳು ಒಂದು ನ್ಯೂಟನ್‌ಗೆ ಬಂತು, ಎರಡಕ್ಕೆ ಬಂತು, ದಿಮ್ಮಿ ಜಪ್ಪಯ್ಯ ಎನ್ನಲಿಲ್ಲ. ಎಳೆದಷ್ಟೇ ಬಲದಿಂದ ಘರ್ಷಣೆ ಹಿಂದಕ್ಕೆ ಹಿಡಿಯುತ್ತದೆ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. 2.6ರಲ್ಲಿ ದಿಮ್ಮಿ ಗಕ್ಕನೆ ಹೊರಟಿತು, ಮುಳ್ಳು 2ಕ್ಕೆ ಇಳಿದು ಅಲ್ಲೇ ನಡುಗುತ್ತಾ ನಿಂತಿತು. ಸ್ಥಾಯಿ ಘರ್ಷಣೆಯ ಮಿತಿಗಿಂತ ಜಾರು ಘರ್ಷಣೆ ಕಡಿಮೆ ಎಂದು ನಾನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ. ಆ ಗಕ್ಕನೆ ಹೊರಡುವುದನ್ನು ಬೆರಳಲ್ಲಿ ಅನುಭವಿಸಲು ಮಕ್ಕಳು ಸರದಿಗಾಗಿ ಜಗಳವಾಡಿದರು.

ಎಡವಟ್ಟು ಆಮೇಲೆ ಆಯಿತು. ತೂಕ ಬದಲಾಗದಿದ್ದರೆ ತಾಗುವ ಅಗಲ ಹೆಚ್ಚಾದರೂ ಕಡಿಮೆಯಾದರೂ ಘರ್ಷಣೆ ಅಷ್ಟೇ ಎಂದು ಹೇಳಿ, ದಿಮ್ಮಿಯನ್ನು ಅದರ ಸಣ್ಣ ಪಕ್ಕದ ಮೇಲೆ ನಿಲ್ಲಿಸಿ ಎಳೆಸಿದೆ. 2.1ಕ್ಕೇ ಜಾರಿತು! ಎಂಟನೇ ತರಗತಿಯ ಹುಡುಗನೊಬ್ಬ, "ಅಕ್ಕೋರೇ, ನಾನು ಹೇಳಿರಲಿಲ್ಲವೇ, ಅಗಲ ಕಡಿಮೆಯಾದರೆ ಘರ್ಷಣೆಯೂ ಕಡಿಮೆ" ಎಂದು ಎದ್ದೇ ನಿಂತ. ನಾಲ್ಕು ಸಲ ಅಳೆದರೂ ಅದೇ ಉತ್ತರ. ನಾನು ಪೆಚ್ಚಾದೆ. ರಾತ್ರಿ ದೀಪದ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದಾಗ ಗುಟ್ಟು ಗೊತ್ತಾಯಿತು: ಸಣ್ಣ ಪಕ್ಕಕ್ಕೆ ವಾರ್ನಿಷ್ ಬಳಿದಿದ್ದಾರೆ, ಅಗಲದ ಪಕ್ಕವನ್ನು ಬೋಳಾಗಿ ಬಿಟ್ಟಿದ್ದಾರೆ. ಅಂದರೆ ನಾವು ಅಳೆದದ್ದು ಎರಡು ಬೇರೆ ಬೇರೆ ಮೈಗಳನ್ನು. ಮರುದಿನ ಆ ಹುಡುಗನ ಕೈಗೇ ಮರಳು ಕಾಗದ ಕೊಟ್ಟೆ. ಅರ್ಧ ಗಂಟೆ ಉಜ್ಜಿದ, ಧೂಳು ಒರೆಸಿದ, ಎಳೆದ. 2.5, ಇನ್ನೊಮ್ಮೆ 2.6. ಸುಮ್ಮನೆ ಕೂತು ನೋಟ್‌ಬುಕ್ಕಿನಲ್ಲಿ ತಿದ್ದಿಕೊಂಡ.

ಕೋನಮಾಪಕದ್ದು ಇನ್ನೊಂದು ಕಥೆ. ಹಲಗೆಯನ್ನು ನಿಧಾನವಾಗಿ ಏರಿಸುತ್ತಾ ಹೋದರೆ ದಿಮ್ಮಿ ಜಾರತೊಡಗುವ ಕೋನದ ಟ್ಯಾಂಜೆಂಟೇ ಸ್ಥಾಯಿ ಘರ್ಷಣೆಯ ಗುಣಾಂಕ, ಅಂದರೆ ಆ ಘರ್ಷಣೆಯ ಮಿತಿಯನ್ನು ಹಲಗೆಯನ್ನು ಒತ್ತುವ ಬಲದಿಂದ ಭಾಗಿಸಿದರೆ ಸಿಗುವ ಸಂಖ್ಯೆ. ತೂಕ ಲೆಕ್ಕಕ್ಕೇ ಬರುವುದಿಲ್ಲ. ಬಟ್ಟನ್ನು ದಾರದಿಂದ ಬಿಗಿದು ಏರಿಸಿದರೂ, ಬರಿ ದಿಮ್ಮಿ ಇಟ್ಟು ಏರಿಸಿದರೂ ಅದೇ ಕೋನ. ಎಳೆದು ಅಳೆದದ್ದರಿಂದ ಗುಣಾಂಕ 0.38 ಸಿಕ್ಕಿತ್ತು, ಅದರ ಪ್ರಕಾರ 21 ಡಿಗ್ರಿಗೆ ಜಾರಬೇಕು. ಮಾಪಕ 24 ತೋರಿಸಿತು. ಹಲಗೆಯನ್ನು ಪೂರ್ತಿ ಇಳಿಸಿ ಮೇಜಿನ ಮೇಲೆ ಮಲಗಿಸಿದರೂ ಮುಳ್ಳು 3ರ ಮೇಲೆ ನಿಂತಿತ್ತು! ಅಂಟಿಸುವಾಗಲೇ ಓರೆ. ಈಗ ಪ್ರತಿ ಸಲ ಮೂರು ಕಳೆದು ಬರೆದುಕೊಳ್ಳುತ್ತೇವೆ.

ರಾಟೆ ಬಿಗಿಯಾಗಿತ್ತು, ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಟ್ಟ ಮೇಲೆ ಸರಿಹೋಯಿತು. ಅದರ ಎತ್ತರ ಮಾತ್ರ ಗಮನಿಸಿ: ಕೊಕ್ಕೆಗಿಂತ ರಾಟೆ ಮೇಲಿದ್ದರೆ ದಾರ ದಿಮ್ಮಿಯನ್ನು ಸ್ವಲ್ಪ ಎತ್ತಿಯೂ ಎಳೆಯುತ್ತದೆ, ಹಲಗೆಯ ಮೇಲಿನ ಒತ್ತಡ ತಗ್ಗಿ ಘರ್ಷಣೆ ಕಡಿಮೆ ಕಾಣುತ್ತದೆ. ನಾನು ದಿಮ್ಮಿಯ ಕೊಕ್ಕೆಯನ್ನೇ ಕಿತ್ತು ಒಂದು ಬೆರಳು ಮೇಲೆ ಹಾಕಿಸಿಕೊಂಡೆ.

ಜೊತೆಗೆ ಬಂದ ಕೈಪಿಡಿಯನ್ನು ಮಕ್ಕಳ ಕೈಗೆ ಕೊಡಬೇಡಿ. ಕನ್ನಡದಲ್ಲಿ ಇಲ್ಲ ಎನ್ನುವುದನ್ನು ಸಹಿಸಿಕೊಳ್ಳಬಹುದು. ಆದರೆ ಘರ್ಷಣೆಯ ನಿಯಮಗಳನ್ನು ನ್ಯೂಟನ್‌ನ ಹೆಸರಿಗೆ ಬರೆದಿದ್ದಾರೆ. ಅವುಗಳನ್ನು 1699ರಲ್ಲಿ ಪ್ಯಾರಿಸ್‌ನಲ್ಲಿ ಮಂಡಿಸಿದವನು ಗಿಯೋಮ್ ಅಮೊಂಟೋನ್ಸ್. ಅದಕ್ಕೂ ಸುಮಾರು ಇನ್ನೂರು ವರ್ಷ ಮೊದಲೇ ಲಿಯೊನಾರ್ಡೊ ಡ ವಿಂಚಿ ದಿಮ್ಮಿಗಳನ್ನು ಮಲಗಿಸಿ, ನಿಲ್ಲಿಸಿ ಎಳೆದು ನೋಡಿ ತನ್ನ ಟಿಪ್ಪಣಿ ಪುಸ್ತಕಗಳಲ್ಲಿ ಗುರುತು ಹಾಕಿಕೊಂಡಿದ್ದ. ಅವನ ದಿಮ್ಮಿಗೆ ಯಾರೂ ವಾರ್ನಿಷ್ ಬಳಿದಿರಲಿಲ್ಲವೆಂದು ಕಾಣುತ್ತದೆ.

ಮಾರಿದವರಿಗೆ ಬರೆದೆ. ವಾಪಸ್ ಕಳಿಸಿ, ಹಣ ಕೊಡುತ್ತೇವೆ ಎಂದರು. ಕಳಿಸಲಿಲ್ಲ. ಐದರಲ್ಲಿ ಮೂರು ನಕ್ಷತ್ರ ಕೊಡುತ್ತೇನೆ. ಮರಳು ಕಾಗದ, ಎಣ್ಣೆ, ಅರ್ಧ ದಿನದ ಪುರುಸೊತ್ತು ಇದ್ದವರು ಕೊಳ್ಳಬಹುದು. ಪೆಟ್ಟಿಗೆ ಬಿಚ್ಚಿ ನೇರ ತರಗತಿಗೆ ಒಯ್ಯುವವರಿಗೆ ಇದು ಬೇಡ. ನಮ್ಮ ಕಡೆಯ ಮಳೆಗಾಲದ ಹವೆಗೆ ಹಲಗೆ ಬಾಗದಿರಲಿ ಎಂದು ಅದನ್ನು ಅಡುಗೆಮನೆಯ ಅಟ್ಟದಲ್ಲಿ, ಅಡಿಕೆ ಮೂಟೆಯ ಪಕ್ಕ ಇಟ್ಟಿದ್ದೇನೆ.