ಪೋಕರ್ ಟೂರ್ನಮೆಂಟಿನ ಲೆಕ್ಕ ಕಲಿಸುವ ಆ್ಯಪ್: ಎರಡೂವರೆ ವರ್ಷ ಬಳಸಿದ ಮೇಲೆ

5ಕ್ಕೆ 3.5 ಕೊಡುತ್ತೇನೆ. ಮೊದಲ ವರ್ಷವೇ ಬರೆದಿದ್ದರೆ 5 ಕೊಟ್ಟುಬಿಡುತ್ತಿದ್ದೆ.

ಇದು ರೊಕ್ಕ ಕಟ್ಟಿ ಆಡುವ ಆ್ಯಪ್ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಟೂರ್ನಮೆಂಟಿನ ಕೊನೆಕೊನೆಗೆ ಮುಂದೆ ಚಿಪ್ ಕಡಿಮೆ ಉಳಿದಾಗ ಯಾವ ಎಲೆಗೆ ಆಲ್-ಇನ್ ಹೋಗಬೇಕು (ಇದ್ದ ಚಿಪ್ಪನ್ನೆಲ್ಲ ಪಣಕ್ಕಿಡಬೇಕು), ಯಾವುದನ್ನು ಎಸೆಯಬೇಕು, ಇನ್ನೊಬ್ಬ ಆಲ್-ಇನ್ ಹೋದರೆ ಯಾವುದಕ್ಕೆ ಕಾಲ್ ಕೊಡಬೇಕು (ಅಷ್ಟೇ ಚಿಪ್ ಇಟ್ಟು ಎದುರಿಸಬೇಕು) ಎಂದು ಪ್ರಶ್ನೆ ಕೇಳಿ ಕೇಳಿ ತಲೆಗೆ ಕೂರಿಸುವ ತರಬೇತಿ ಆ್ಯಪ್. ಆಟಗಾರರ ಬಾಯಲ್ಲಿ ‘ಪುಶ್-ಫೋಲ್ಡ್ ಟ್ರೇನರ್’: ಪುಶ್ ಅಂದರೆ ಆಲ್-ಇನ್, ಫೋಲ್ಡ್ ಅಂದರೆ ಎಲೆ ಎಸೆಯುವುದು. ಇಂಥವು ಹಲವಾರಿವೆ, ಒಳಗಿನ ಗಣಿತ ಹೆಚ್ಚುಕಮ್ಮಿ ಒಂದೇ. ಹಾಗಾಗಿ ನನ್ನದರ ಹೆಸರು ಬರೆಯುತ್ತಿಲ್ಲ. ಕೆಳಗಿನ ಬೈಗುಳವೂ ಅದಕ್ಕೊಂದು ಕಾರಣ ಅನ್ನಿ.

ನಾನು ಬೆಳಗಾವಿಯವನು, ಪಂಪ್‌ಸೆಟ್ ಬಿಡಿಭಾಗಗಳ ಅಂಗಡಿ ಇದೆ. ವರ್ಷಕ್ಕೆ ಎರಡು ಮೂರು ಸಲ ಚೋರ್ಲಾ ಘಾಟ್ ಇಳಿದು ಪಣಜಿಗೆ ಹೋಗಿ ಸಣ್ಣ ಎಂಟ್ರಿಯ ಟೂರ್ನಮೆಂಟ್ ಆಡುತ್ತೇನೆ. 2023ರಲ್ಲಿ ಈ ಆ್ಯಪಿಗೆ ಚಂದಾ ಕಟ್ಟಿದ್ದು ಗೊತ್ತಾದ ದಿನ ಅಪ್ಪ ಕೇಳಿದ್ದು ಇಷ್ಟೇ: “ಇಸ್ಪೀಟ್ ಆಡಾಕೂ ಟ್ಯೂಷನ್ ಬೇಕೇನೋ?”

ಬೇಕಾಗಿತ್ತು. ಯಾಕೆ ಅನ್ನುವುದಕ್ಕೆ ಒಂದೇ ಕೈ, ಅಂದರೆ ಒಂದು ಸಲ ಎಲೆ ಹಂಚಿ ಆಡಿದ ಆಟ, ಸಾಕು.

ಆಗ ಆನ್‌ಲೈನಿನಲ್ಲಿ ದುಡ್ಡಿನ ಆಟ ಇನ್ನೂ ನಡೆಯುತ್ತಿತ್ತು. ಹತ್ತು ಜನರ ಒಂದೇ ಟೇಬಲ್, ಬಹುಮಾನದ ಒಟ್ಟು ಮೊತ್ತ 10,000 ರೂಪಾಯಿ: ಮೊದಲನೆಯವನಿಗೆ 5,000, ಎರಡನೆಯವನಿಗೆ 3,000, ಮೂರನೆಯವನಿಗೆ 2,000. ಉಳಿದವರು ನಾಲ್ವರು, ಹೆಚ್ಚುಕಡಿಮೆ ಸಮ ಚಿಪ್. ಅಂದರೆ ಇನ್ನೊಬ್ಬ ಹೊರಬಿದ್ದರೆ ಉಳಿದ ಮೂವರಿಗೂ ದುಡ್ಡು. ಪೋಕರಿನವರು ‘ಬಬಲ್’ ಅನ್ನುವುದು ಇದನ್ನೇ. ಮೊದಲ ಸರದಿಯವನು ಆಲ್-ಇನ್ ಹೋದ. ಅವನ ನಂತರದ ಸರದಿ, ಅಂದರೆ ‘ಬಟನ್’ ಎಂಬ ಜಾಗ, ನನ್ನದು; ಕೈಯಲ್ಲಿ ಇಸ್ಪೀಟ್ ಎಕ್ಕ, ಆಟೀನ್ ಗುಲಾಮ. ಎಕ್ಕ-ಗುಲಾಮ ಬಿಡುವುದುಂಟೇ? ಕಾಲ್ ಒತ್ತಿದೆ. ಅವನದು ಎಂಟರ ಜೋಡಿ, ಐದು ಎಲೆ ಬಿದ್ದರೂ ನನಗೇನೂ ಸಿಗಲಿಲ್ಲ. ನಾಲ್ಕನೆಯವನಾಗಿ ಹೊರಗೆ, ಬಿಡಿಗಾಸಿಲ್ಲ. ನಸೀಬು ಕೈಕೊಟ್ಟಿತು ಅಂದುಕೊಂಡು ಮಲಗಿದೆ.

ಆ್ಯಪ್ ತಗೊಂಡ ವಾರ ಅದೇ ಕೈಯನ್ನು ಹಾಕಿ ನೋಡಿದೆ. ಸಮ ಚಿಪ್ಪಿನ ನಾಲ್ವರಲ್ಲಿ ಒಬ್ಬೊಬ್ಬನ ಪಾಲು 2,500 ರೂಪಾಯಿ. ನಾನು ಕಾಲ್ ಕೊಟ್ಟು ಗೆದ್ದರೆ ಚಿಪ್ ಎರಡು ಪಟ್ಟಾಗುತ್ತದೆ, ಸರಿ. ರೊಕ್ಕದ ಪಾಲು 5,000 ಆಗುವುದಿಲ್ಲ, 3,833 ಅಷ್ಟೇ. ಅಂದರೆ 1,333 ರೂಪಾಯಿ ಆಸೆಗೆ 2,500 ಪಣಕ್ಕಿಟ್ಟಿದ್ದೆ. ಬ್ಲೈಂಡಿನ (ಎಲೆ ನೋಡುವ ಮೊದಲೇ ಸರದಿಯಂತೆ ಇಬ್ಬರು ಕಟ್ಟಲೇಬೇಕಾದ ಚಿಪ್; ಚಿಕ್ಕದು ಸ್ಮಾಲ್, ದೊಡ್ಡದು ಬಿಗ್) ಚಿಲ್ಲರೆ ಬಿಟ್ಟು ಲೆಕ್ಕ ಹಾಕಿದರೆ ಆ ಕಾಲ್ ಸರಿಹೋಗಲು ನೂರಕ್ಕೆ 65 ಸಲ ಗೆಲ್ಲಬೇಕು. ಬಣ್ಣ ಬೇರೆ ಬೇರೆಯಾದ ಎಕ್ಕ-ರಾಜ ಕೂಡ, ಎದುರಾಳಿ ಕಣ್ಣುಮುಚ್ಚಿ ಯಾವುದೇ ಎರಡು ಎಲೆಗೆ ಆಲ್-ಇನ್ ಹೋದರೂ, ಗೆಲ್ಲುವುದು ಸುಮಾರು 65 ಸಲವೇ. ಮೊದಲ ಸರದಿಯಲ್ಲಿ ಆರಿಸಿದ ಎಲೆಗೇ ಹೋದವನ ಎದುರು ನನ್ನ ಎಕ್ಕ-ಗುಲಾಮ ಎಲ್ಲಿ ನಿಂತೀತು? ಸಾಲದ್ದಕ್ಕೆ ನನ್ನ ಹಿಂದೆ ಇನ್ನಿಬ್ಬರು ಕೂತಿದ್ದರು. ನಸೀಬಿನ ಮಾತೇ ಬರುವುದಿಲ್ಲ, ತಪ್ಪು ನನ್ನದು. ಅಲ್ಲಿಯತನಕ ಇಂಥ ಕಾಲ್ ಎಷ್ಟು ಕೊಟ್ಟಿದ್ದೇನೋ! ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು.

ಚಿಪ್ಪನ್ನು ರೂಪಾಯಿಗೆ ತಿರುಗಿಸುವ ಈ ಲೆಕ್ಕಕ್ಕೆ ಐಸಿಎಂ (ಇಂಡಿಪೆಂಡೆಂಟ್ ಚಿಪ್ ಮಾಡೆಲ್) ಅನ್ನುತ್ತಾರೆ. ಇದರ ಬೇರು ಪೋಕರಿನಲ್ಲಿಲ್ಲ. ಕುದುರೆ ರೇಸಿನಲ್ಲಿ ಎರಡನೇ, ಮೂರನೇ ಸ್ಥಾನದ ಸಂಭವ ಲೆಕ್ಕಹಾಕಲು ಡೇವಿಡ್ ಹಾರ್ವಿಲ್ 1973ರಲ್ಲಿ ಕೊಟ್ಟ ಸೂತ್ರವದು. 1987ರಲ್ಲಿ ಪೋಕರ್ ಲೇಖಕ ಮೇಸನ್ ಮಾಲ್ಮತ್ ಅದೇ ಲೆಕ್ಕವನ್ನು ಪೋಕರಿಗಾಗಿ ತಾವೇ ಕಂಡುಕೊಂಡರು. ಕುದುರೆಯ ಜಾಗದಲ್ಲಿ ಆಟಗಾರ, ಓಟದ ಬಲದ ಜಾಗದಲ್ಲಿ ಚಿಪ್. ಮೂವರು ಉಳಿದಾಗ ಚಿಪ್ಪಿನ ಅರ್ಧ ನಿಮ್ಮದಾಗಿದ್ದು ಉಳಿದವರಲ್ಲಿ ನೂರಕ್ಕೆ 30, 20 ಇದ್ದರೆ, ಮೇಲಿನದೇ ಬಹುಮಾನದಲ್ಲಿ ನಿಮ್ಮ ಪಾಲು 3,839 ರೂಪಾಯಿ. ಬರೀ 20 ಹಿಡಿದು ಮೂಲೆಯಲ್ಲಿ ಕೂತವನಿಗೆ 2,886! ಇದನ್ನು ಕಾಗದದ ಮೇಲೆ ನಾನೇ ಲೆಕ್ಕಮಾಡಿ ನೋಡಿದ ಮೇಲೆಯೇ ನಂಬಿದ್ದು. ಅಂಗಡಿಯವನು, ಬಿಲ್ ನೋಡದೆ ಏನನ್ನೂ ನಂಬುವುದಿಲ್ಲ.

ಬಬಲ್ಲಿನ ಆ ಕಾಲ್‌ಗೆ ಪೂರ್ತಿ ಉಲ್ಟಾ ಇದ್ದದ್ದು ನನ್ನ ಇನ್ನೊಂದು ಚಾಳಿ. ಚಿಪ್ ಹತ್ತು ಬಿಗ್ ಬ್ಲೈಂಡಿಗೆ ಇಳಿದಾಗ ನಾನು ಒಳ್ಳೆ ಎಲೆ ಬರಲಿ ಎಂದು ಕಾಯುತ್ತಾ ಕೂರುತ್ತಿದ್ದೆ. ಎಲ್ಲರೂ ಎಸೆದು ಸ್ಮಾಲ್ ಬ್ಲೈಂಡಿನ ನನ್ನ ಸರದಿ ಬಂದಿದೆ, ಕೈಯಲ್ಲಿ ರಾಜ-ನಾಲ್ಕು, ಬಣ್ಣ ಬೇರೆ. ನಾನು ಎಸೆದೆ. ಆ್ಯಪ್ ಕೆಂಪು ಗೆರೆ ಎಳೆಯಿತು: ಆಲ್-ಇನ್ ಹೋಗಬೇಕಿತ್ತಂತೆ. ಹತ್ತು ಬ್ಲೈಂಡ್ ಇರುವಾಗ ಆ ಜಾಗದಿಂದ ಸಿಗುವ ಎಲೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಹೋಗಬೇಕು ಅನ್ನುತ್ತದೆ ಅದು. ಮೊದಲು ಹುಚ್ಚು ಅನ್ನಿಸಿತು. ಆಮೇಲೆ ಹೊಳೆಯಿತು. ಬ್ಲೈಂಡು, ಆಂಟಿ (ಬ್ಲೈಂಡಿನ ಮೇಲೆ ಪ್ರತಿ ಕೈಗೂ ಇಡೀ ಟೇಬಲ್ ಪರವಾಗಿ ಒಬ್ಬ ಕಟ್ಟುವ ಚಿಪ್) ಸೇರಿ ಟೇಬಲ್ ಮಧ್ಯೆ ಎರಡೂವರೆ ಬಿಗ್ ಬ್ಲೈಂಡ್ ಬಿದ್ದಿರುತ್ತದೆ, ನನ್ನ ಚಿಪ್ಪಿನ ಕಾಲು ಭಾಗ. ಎದುರಿನವನು ಹೆದರಿ ಎಲೆ ಬಿಟ್ಟರೆ ಜಗಳವಿಲ್ಲದೆ ಅದು ನನ್ನದು, ಮತ್ತು ಲೆಕ್ಕ ಬಲ್ಲವನು ಹೆಚ್ಚಿನ ಸಲ ಬಿಡಲೇಬೇಕು. ಬಬಲ್ಲಿನಲ್ಲಿ ಗಂಡಸ್ತನ ತೋರಿಸಿ, ಸಾಯುವ ಹೊತ್ತಿಗೆ ಸಾಧುವಾಗಿ ಕೂರುತ್ತಿದ್ದೆ ನಾನು.

ಕಾಯುವುದಕ್ಕೆ ಎಷ್ಟು ಖರ್ಚು ಅನ್ನುವುದನ್ನು ಪರದೆಯ ಮೂಲೆಯಲ್ಲೇ ‘ಎಂ’ ಎಂಬ ಸಂಖ್ಯೆ ತೋರಿಸುತ್ತದೆ. ಬ್ಯಾಕ್‌ಗ್ಯಾಮನ್ ಆಟಗಾರ ಪಾಲ್ ಮ್ಯಾಗ್ರಿಯಲ್ ಹೆಸರಿನ ಮೊದಲಕ್ಷರ ಅದು. ಬ್ಲೈಂಡ್ 1,000-2,000, ಆಂಟಿ 2,000 ಇದ್ದರೆ ಒಂದು ಸುತ್ತಿಗೆ 5,000 ಹೋಗುತ್ತದೆ. 20,000 ಚಿಪ್ ಇದ್ದವನ ಎಂ ನಾಲ್ಕು. ಸುಮ್ಮನೆ ಕೂತರೆ ನಾಲ್ಕೇ ಸುತ್ತು. ಘಾಟ್ ಹತ್ತುವಾಗ ಪೆಟ್ರೋಲ್ ಮುಳ್ಳು ನೋಡುವ ಹಾಗೆ ಈಗ ಟೇಬಲ್ಲಿನಲ್ಲಿ ಇದನ್ನು ನೋಡುತ್ತೇನೆ. ಕೈ ನಡೆಯುವಾಗ ಫೋನ್ ಮುಟ್ಟುವ ಹಾಗಿಲ್ಲವಾದ್ದರಿಂದ ಎಲ್ಲ ತಲೆಯಲ್ಲೇ ಇರಬೇಕು.

ಬಳಸಿದ ರೀತಿ: ರಾತ್ರಿ ಶಟರ್ ಎಳೆದ ಮೇಲೆ ಹದಿನೈದು ನಿಮಿಷ, ಇಪ್ಪತ್ತು ಪ್ರಶ್ನೆ. ಅದಕ್ಕಿಂತ ಹೆಚ್ಚು ಮಾಡಿದರೆ ಕಣ್ಣು ಕಾಣುತ್ತದೆ, ತಲೆ ಕೇಳುವುದಿಲ್ಲ. ಎಷ್ಟು ಉತ್ತರ ಸರಿ ಎಂದು ಎಣಿಸುವ ಬದಲು, ತಪ್ಪಿನಿಂದ ಎಷ್ಟು ರೂಪಾಯಿ ಹೋಯಿತು ಎಂಬ ಪಟ್ಟಿ ತೆಗೆದು ನೋಡುವುದನ್ನು ಆರು ತಿಂಗಳ ನಂತರ ಕಲಿತೆ. ಹತ್ತು ಸಣ್ಣ ತಪ್ಪಿಗಿಂತ ಬಬಲ್ಲಿನ ಒಂದು ಕಾಲ್ ದುಬಾರಿ.

ಈಗ ಬೈಗುಳ. ಚಂದಾ ಡಾಲರಿನಲ್ಲಿ. ಎರಡನೇ ವರ್ಷ ನನ್ನನ್ನು ಕೇಳದೆ ಕಾರ್ಡಿನಿಂದ ವರ್ಷದ ಹಣ ಎಳೆದುಕೊಂಡರು. ಮೇಲ್ ಮೇಲೆ ಮೇಲ್ ಬರೆದರೂ ವಾಪಸ್ ಬರಲಿಲ್ಲ. ಫೋನಿನಲ್ಲಿ ಯಾವ ಎರಡು ಎಲೆಗೆ ಏನು ಮಾಡಬೇಕು ಎಂದು ತೋರಿಸುವ 169 ಚೌಕದ ಚಾರ್ಟ್ ಎಳ್ಳುಕಾಳಿನಷ್ಟು ಕಾಣುತ್ತದೆ. ಉತ್ತರ ಕೊಡುತ್ತದೆ, ಯಾಕೆ ಎಂದು ಹೇಳುವುದಿಲ್ಲ; ಮೇಲೆ ಬರೆದ ‘ಯಾಕೆ’ಗಳನ್ನೆಲ್ಲ ನಾನೇ ಕೂತು ಬಿಡಿಸಿಕೊಂಡದ್ದು. ಐಸಿಎಂ ಲೆಕ್ಕದಲ್ಲೇ ಒಂದು ಕುರುಡಿದೆ: ಮುಂದಿನ ಕೈಯಲ್ಲಿ ಬಿಗ್ ಬ್ಲೈಂಡ್ ಯಾರ ಮೇಲೆ ಬೀಳುತ್ತದೆ, ಟೇಬಲ್ಲಿನಲ್ಲಿ ಯಾರು ಬಲಶಾಲಿ ಎಂಬುದು ಅದಕ್ಕೆ ಲೆಕ್ಕಕ್ಕಿಲ್ಲ.

ಎಲ್ಲಕ್ಕಿಂತ ದೊಡ್ಡ ಪಾಠ ಕಲಿಸಿದವರು ಪಣಜಿಯ ಒಬ್ಬ ಹಿರಿಯರು. ಬಿಳಿ ಟೊಪ್ಪಿಗೆ, ಕೈಯಲ್ಲಿ ಸದಾ ಅಡಿಕೆ. ಚಾರ್ಟಿನ ಪ್ರಕಾರ ಇವರು ಬಿಡಬೇಕಿದ್ದ ಎಲೆಯನ್ನು ಒಂದೂ ಬಿಡಲಿಲ್ಲ. ನಾನು ರಾಜ-ನಾಲ್ಕಿಗೆ ಪುಶ್ ಮಾಡಿದರೆ ಅವರು ಗುಲಾಮ-ಮೂರಕ್ಕೂ ಕಾಲ್, “ನೋಡೋಣ ಮಗಾ” ಅಂತ. ನನ್ನ ಚಿಪ್ಪೆಲ್ಲ ಅವರ ಮುಂದೆ ರಾಶಿ ಬಿತ್ತು. ಊರಿಗೆ ಬಂದು ಆ್ಯಪಿನಲ್ಲಿ ಕಾಲ್ ಮಾಡುವವನ ರೇಂಜ್ (ಅವನು ಯಾವ ಯಾವ ಎಲೆಗೆ ಕಾಲ್ ಕೊಡುತ್ತಾನೆ ಎಂಬ ಪಟ್ಟಿ) ಬದಲಿಸುವ ಸೌಲಭ್ಯ ಹುಡುಕಿದೆ. ಅಲ್ಲಿ ಆ ಹಿರಿಯರಂಥವರನ್ನು ಕೂರಿಸಿದರೆ ನನ್ನ ಪುಶ್ ಪಟ್ಟಿಯಿಂದ ಕಸವೆಲ್ಲ ತಾನಾಗಿ ಉದುರಿಹೋಯಿತು. ಈ ಒಂದು ಸೌಲಭ್ಯಕ್ಕೇ ನಾನು ಇನ್ನೂ ಚಂದಾ ಕಟ್ಟುವುದು. ಹೊಸಬರು ಇದನ್ನು ಮೂರನೇ ಮೆನುವಿನ ಒಳಗೆ ಹುಡುಕಬೇಕು, ಯಾಕೆ ಅಲ್ಲಿ ಬಚ್ಚಿಟ್ಟರೋ.

2025ರ ಆಗಸ್ಟಿನಲ್ಲಿ ಕೇಂದ್ರದ ಹೊಸ ಕಾನೂನು ಬಂದು ಆನ್‌ಲೈನಿನ ದುಡ್ಡಿನ ಆಟ ನಿಂತಿತು. ತರಬೇತಿ ಆ್ಯಪಿನಲ್ಲಿ ಪಣವಿಲ್ಲ, ಅದು ಹಾಗೇ ನಡೆಯುತ್ತಿದೆ. ಆದರೆ ಕಲಿತದ್ದನ್ನು ಆಡಲು ಗೋವಾದ ಟೇಬಲ್ಲೇ ಗತಿ, ಅಲ್ಲಿ ಗಂಟೆಗೆ 25-30 ಕೈ ಆದರೆ ದೊಡ್ಡದು. ಇಡೀ ದಿನ ಕೂತರೂ ಪುಶ್-ಫೋಲ್ಡ್ ಪ್ರಸಂಗ ಬೆರಳೆಣಿಕೆಯಷ್ಟು. ಗೆದ್ದದ್ದಕ್ಕೆ 30% ತೆರಿಗೆ, ಸೆಸ್ ಬೇರೆ. ಬೇರೆ ದಿನ ಸೋತದ್ದನ್ನು ಅದರಲ್ಲಿ ಕಳೆಯುವ ಹಾಗಿಲ್ಲ. ವರ್ಷದ ಚಂದಾ ಈ ಲೆಕ್ಕಕ್ಕೆ ಕೂಡಿಬರುವುದಿಲ್ಲ.

ಆಟ ಈಗಷ್ಟೇ ಕಲಿಯುತ್ತಿರುವವರು ಇದನ್ನು ಕೊಳ್ಳಬೇಡಿ. ಮೊದಲ ಎರಡು ಗಂಟೆ, ನೂರು ಬ್ಲೈಂಡ್ ಕೈಯಲ್ಲಿರುವಾಗ, ಇದು ಯಾವ ಕೆಲಸಕ್ಕೂ ಬಾರದು. ಬಬಲ್ ತನಕ ಹೋಗಿ ಹೋಗಿ ಅಲ್ಲೇ ಜಾರಿ ಬೀಳುತ್ತಿರುವವರಿಗೆ ಒಂದು ತಿಂಗಳ ಚಂದಾ ಸಾಕು, ಕಾರ್ಡಿನ ಆಟೋ-ರಿನ್ಯೂವಲ್ ಅವತ್ತೇ ತೆಗೆದುಹಾಕಿ. ನಾನೀಗ ಹಾಗೇ ಮಾಡುತ್ತಿದ್ದೇನೆ: ಗೋವಾಕ್ಕೆ ಹೊರಡುವ ತಿಂಗಳು ಮಾತ್ರ ಕಟ್ಟುತ್ತೇನೆ, ಹಿರಿಯರ ರೇಂಜನ್ನು ‘ಅಡಿಕೆ’ ಎಂಬ ಹೆಸರಿನಲ್ಲಿ ಸೇವ್ ಮಾಡಿಟ್ಟಿದ್ದೇನೆ.