ಎಮಿಟೆನ್ಸ್ ಅಳೆಯಲು ಯಾಗ್ ಪರದೆಯೋ, ಓಟಿಆರ್ ಪರದೆಯೋ?

ವೇಗವರ್ಧಕದ ಎಲೆಕ್ಟ್ರಾನ್ ಬೀಮ್ ಎಷ್ಟು ಅಗಲ, ಎಷ್ಟು ಕೋನಕ್ಕೆ ಹರಡುತ್ತದೆ ಎಂಬುದನ್ನು ಸೇರಿಸಿ ಹೇಳುವ ಅಳತೆ ಎಮಿಟೆನ್ಸ್. ಅದನ್ನು ಅಳೆಯಲು ಈಗ ನನ್ನ ಆಯ್ಕೆ ಓಟಿಆರ್, ಅಂದರೆ ಎಲೆಕ್ಟ್ರಾನ್ ದಾಟುವಾಗ ಲೋಹದ ಮೈಯಿಂದ ಹೊಮ್ಮುವ ಬೆಳಕನ್ನು ಬಳಸುವ ಪರದೆ. ಹೊಳೆಯುವ ಹರಳಿನ ಯಾಗ್ ಪರದೆಯನ್ನು ನಂಬಿ ಮೂರು ವಾರ ಕಳೆದುಕೊಂಡ ಮೇಲೆ ಬಂದ ತೀರ್ಮಾನ ಇದು.

ನಮ್ಮದು 100 ಎಂಇವಿ (ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್) ಆಸುಪಾಸಿನ ಶಕ್ತಿಯ ಬೀಮ್. ಅಳೆಯುವ ಕ್ರಮ ಎರಡಕ್ಕೂ ಒಂದೇ. ಬೀಮನ್ನು ಫೋಕಸ್ ಮಾಡುವ ಕ್ವಾಡ್ರುಪೋಲ್ ಮ್ಯಾಗ್ನೆಟ್‌ನ ಕರೆಂಟನ್ನು ಸ್ವಲ್ಪಸ್ವಲ್ಪವೇ ಬದಲಿಸುತ್ತ ಪ್ರತಿ ಸಲ ಪರದೆಯ ಮೇಲಿನ ಚುಕ್ಕೆಯ ಅಗಲ ಬರೆದುಕೊಳ್ಳಬೇಕು. ಅಗಲದ ವರ್ಗವನ್ನು ಮ್ಯಾಗ್ನೆಟ್ ಬಲದೆದುರು ಗುರುತಿಸಿದರೆ ಪರವಲಯ ಬರುತ್ತದೆ. ಅದರ ತಳ ತಪ್ಪಿದರೆ ಎಮಿಟೆನ್ಸೂ ತಪ್ಪು.

ಯಾಗ್ ಕೈಕೊಟ್ಟದ್ದು ಸರಿಯಾಗಿ ಆ ತಳದಲ್ಲೇ. ಅದು ಸೀರಿಯಂ ಬೆರೆಸಿದ ಹರಳು, ಎಲೆಕ್ಟ್ರಾನ್ ತಾಗಿದರೆ ಹಳದಿ-ಹಸಿರು ಬೆಳಕು ಚೆಲ್ಲುತ್ತದೆ. ಬೀಮ್ ಅಗಲವಿದ್ದಾಗ ಚಿತ್ರ ಅಚ್ಚುಕಟ್ಟು. ಫೋಕಸ್ ಬಿಗಿಯಾದಂತೆ ಚುಕ್ಕೆ ಕುಗ್ಗುತ್ತ ಹೋಗಬೇಕಲ್ಲ, ಒಂದು ಹಂತದಲ್ಲಿ ನಿಂತೇಬಿಟ್ಟಿತು. ಕ್ಯಾಮೆರಾ ಸ್ಯಾಚುರೇಟ್ ಆಗಿದೆ, ಅಂದರೆ ಬೆಳಕಿನ ಮಿತಿ ಮುಟ್ಟಿದೆ ಎಂದುಕೊಂಡು ಲೆನ್ಸ್ ಮುಂದೆ ಫಿಲ್ಟರ್ ಇಟ್ಟೆವು. ಚಿತ್ರ ಮಂಕಾಯಿತು, ಅಗಲ ಮಾತ್ರ ಅಷ್ಟೇ ಉಳಿಯಿತು. ಚುಕ್ಕೆಯ ಬೆಳಕಿನ ಗ್ರಾಫಿನಲ್ಲಿ ಶಿಖರ ಕೊಯ್ದಂತೆ ಚಪ್ಪಟೆ. ಸ್ಯಾಚುರೇಟ್ ಆಗುತ್ತಿದ್ದದ್ದು ಹರಳೇ ಎಂದು ಆಗ ಹೊಳೆಯಿತು. ಚಾರ್ಜ್ ಒತ್ತೊತ್ತಾಗಿ ಬೀಳುವ ನಡುವಿನಲ್ಲಿ ಬೆಳಕು ಅದಕ್ಕೆ ತಕ್ಕಷ್ಟು ಏರುವುದಿಲ್ಲ, ಅಂಚಿನಲ್ಲಿ ಏರುತ್ತದೆ. ಹಾಗಾಗಿ ಚುಕ್ಕೆ ಇರುವುದಕ್ಕಿಂತ ದಪ್ಪ ಕಾಣುತ್ತದೆ. ತಳ ಮೇಲೆದ್ದ ಪರವಲಯ ಎಮಿಟೆನ್ಸನ್ನು ಹಿಗ್ಗಿಸಿ ಹೇಳುತ್ತಿತ್ತು. ಅದನ್ನು ನಂಬಿ, ನೆಟ್ಟಗೇ ಇದ್ದ ಗನ್ ಸೊಲೆನಾಯ್ಡನ್ನು (ಎಲೆಕ್ಟ್ರಾನ್ ಹೊರಡುವ ಕಡೆಯ ಸುರುಳಿ ಮ್ಯಾಗ್ನೆಟ್) ದಿನವೂ ತಿದ್ದುತ್ತ ಕೂತಿದ್ದೆವು.

ಮ್ಯಾಗ್ನೆಟ್ ಮುಟ್ಟದೆ ಅದೇ ಜಾಗಕ್ಕೆ ಓಟಿಆರ್ ಪರದೆಯಾಗಿ ಅಲ್ಯೂಮಿನಿಯಂ ಲೇಪಿಸಿದ ಸಿಲಿಕಾನ್ ಬಿಲ್ಲೆ ಇಳಿಸಿದೆವು. ಚುಕ್ಕೆ ತಟ್ಟನೆ ಸಣ್ಣದಾಯಿತು. ಓಟಿಆರ್ ಬೆಳಕು ಹುಟ್ಟುವುದು ಎಲೆಕ್ಟ್ರಾನ್ ಲೋಹದ ಮೈ ದಾಟುವ ಕ್ಷಣದಲ್ಲಿ. ಚಾರ್ಜ್ ದುಪ್ಪಟ್ಟಾದರೆ ಬೆಳಕೂ ದುಪ್ಪಟ್ಟು. ಆದರೆ ಬೆಳಕು ಕಡಿಮೆ, ಸರಿಸುಮಾರು ನೂರು ಎಲೆಕ್ಟ್ರಾನ್‌ಗೆ ಒಂದು ಫೋಟಾನ್. ಬಿಲ್ಲೆಯಲ್ಲಿ ಉಳಿದ ಹಣ ಒಳ್ಳೆಯ ಕ್ಯಾಮೆರಾಗೆ ಹೋಯಿತು.

ಕೆಲವೇ ಎಂಇವಿಯ ಬೀಮಿಗೆ ಇದು ಬೇಡ. ಬೆಳಕು ಅಗಲಕ್ಕೆ ಚದುರಿ ಲೆನ್ಸಿಗೆ ಸಿಗುವುದೇ ಇಲ್ಲ. ಬಂಚನ್ನು (ಎಲೆಕ್ಟ್ರಾನ್‌ಗಳ ಗುಂಪನ್ನು) ತೀರ ಒತ್ತುವವರೂ ಎಚ್ಚರವಾಗಿರಿ: ಕ್ಯಾಲಿಫೋರ್ನಿಯಾದ ಎಕ್ಸ್-ರೇ ಲೇಸರ್ ಎಲ್‌ಸಿಎಲ್‌ಎಸ್‌ನಲ್ಲಿ ಎಲೆಕ್ಟ್ರಾನ್‌ಗಳು ಒಮ್ಮೆಗೇ ಜೊತೆಗೂಡಿ ಬೆಳಗಿ ಓಟಿಆರ್ ಚಿತ್ರಗಳು ಅಳತೆಗೆ ಬಾರದೆ ಹೋಗಿದ್ದವು.

ಯಾಗನ್ನು ಬಿಸಾಡಿಲ್ಲ. ಬೆಳಿಗ್ಗೆ ಬೀಮ್ ಎಲ್ಲಿದೆ ಎಂದು ಹುಡುಕಲು ಇಳಿಸುವುದು ಅದನ್ನೇ, ಕಡಿಮೆ ಚಾರ್ಜಿನಲ್ಲೂ ಫಳಕ್ಕನೆ ಕಾಣುತ್ತದೆ. ಲಾಗ್‌ಬುಕ್ಕಿಗೆ ಎಮಿಟೆನ್ಸ್ ಬರೆಯುವ ಹೊತ್ತಿಗೆ ಅದನ್ನು ಮೇಲೆತ್ತಿ ಬಿಲ್ಲೆ ಇಳಿಸುತ್ತೇನೆ.