ಹಳೇ ಲ್ಯಾಪ್‌ಟಾಪು, ನಾಲ್ಕು ಮಳೆಗಾಲ

ಈ ಲ್ಯಾಪ್‌ಟಾಪನ್ನು 2022ರ ಮೇ ತಿಂಗಳಲ್ಲಿ ಹುಬ್ಬಳ್ಳಿಯಲ್ಲಿ ತಗೊಂಡೆ. ಹೊಸದಲ್ಲ. ಯಾವುದೋ ಆಫೀಸಿನಲ್ಲಿ ಮೂರ್ನಾಲ್ಕು ವರ್ಷ ದುಡಿದದ್ದು. ಅವರು ಲಾಟಿನಲ್ಲಿ ಮಾರಿದ ಮೇಲೆ ಸ್ಟಿಕ್ಕರ್ ಕಿತ್ತು, ಒರೆಸಿ, ಅಂಗಡಿಯಲ್ಲಿ ಇಟ್ಟಿದ್ದರು. 23,500 ರೂಪಾಯಿ, ಜೊತೆಗೆ ಒಂದು ಬ್ಯಾಗು ಪುಕ್ಕಟೆ. ಬ್ಯಾಗಿನ ಜಿಪ್ಪು ಬಸ್ಸು ಯಲ್ಲಾಪುರ ದಾಟುವುದರೊಳಗೆ ಹೋಯಿತು. ಲ್ಯಾಪ್‌ಟಾಪು ಇನ್ನೂ ಇದೆ. ಇದನ್ನೂ ಅದರಲ್ಲೇ ಕುಟ್ಟುತ್ತಿದ್ದೇನೆ.

ಕಂಪನಿಯ ಹೆಸರು ಹಾಕುವುದಿಲ್ಲ. ಮುಂದೆ ದೂರು ಸುಮಾರಿದೆ, ಅದರಲ್ಲಿ ಅರ್ಧಕ್ಕರ್ಧ ತಪ್ಪು ನಮ್ಮೂರಿನ ಗಾಳಿಯದ್ದು. ಕಪ್ಪು ಬಣ್ಣ, 14 ಇಂಚು, ಆಫೀಸುಗಳಿಗೆಂದೇ ಮಾಡುವ ದಪ್ಪ ಡಬ್ಬಿ. ಒಳಗೆ ಇಂಟೆಲ್ ಐ5-8350ಯು ಪ್ರೊಸೆಸರ್, 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ. ಪ್ರೊಸೆಸರ್ 2017ರದ್ದು. ತಗೊಂಡಾಗಲೇ ಹಳತು.

ನಮ್ಮ ಮನೆ ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ ಹೊಳೆ ಸಮುದ್ರಕ್ಕೆ ಸೇರುವ ಕಡೆ. ಗೇಟಿನ ಚಿಲಕಕ್ಕೆ ವರ್ಷಕ್ಕೊಮ್ಮೆ ಬಣ್ಣ ಹೊಡೆಯದಿದ್ದರೆ ಅದು ಕೈಗೇ ಬರುತ್ತದೆ. ಅಂಥ ಗಾಳಿ. ಮನೆಯಲ್ಲೇ ಕೂತು ಕುಮಟಾ, ಹೊನ್ನಾವರದ ಕೆಲವು ಅಂಗಡಿಗಳ ಲೆಕ್ಕ ಬರೆಯುವುದು ನನ್ನ ಕೆಲಸ. ತಿಂಗಳ 11ಕ್ಕೆ ಒಂದು ಜಿಎಸ್‌ಟಿ ರಿಟರ್ನ್, 20ಕ್ಕೆ ಇನ್ನೊಂದು. ಹಾಗಾಗಿ ನನಗೆ ಬೇಕಾದದ್ದು ವೇಗ ಅಲ್ಲ. 20ನೇ ತಾರೀಕು ಬೆಳಿಗ್ಗೆ ಅದು ಆನ್ ಆಗಬೇಕು, ಅಷ್ಟೇ.

ಮೊದಲ ಮಳೆಗಾಲದಲ್ಲೇ ಪಾಠ ಆಯಿತು. ಮದುವೆಗೆಂದು ಶಿರಸಿ ಕಡೆ ಹೋಗಿ ಹತ್ತು ದಿನ ಕಳೆದು ಬಂದೆ. ಲ್ಯಾಪ್‌ಟಾಪು ಮೇಜಿನ ಮೇಲೇ ಮುಚ್ಚಿಟ್ಟಿತ್ತು. ತೆರೆದರೆ ಕೀಲಿಗಳ ಕೆಳಗೆ ಅಂಗೈ ಊರುವ ಜಾಗದಲ್ಲಿ ಬೆಳ್ಳಗೆ ಬೂಸ್ಟು. ಎರಡು ಅಂಗೈಯ ಆಕಾರ ಸರಿಯಾಗಿ ಮೂಡಿತ್ತು. ಬೆವರಿನ ಜಿಡ್ಡು ಇದ್ದಲ್ಲಿ ಬೂಸ್ಟಿಗೆ ಊಟ ಸಿಕ್ಕ ಹಾಗೆ. ಆಯಿ ಇಣುಕಿ ನೋಡಿ, "ಇದಕ್ಕೂ ಬೂಸ್ಟು ಹಿಡೀತನೋ ತಮಾ?" ಎಂದು ಕೇಳಿ, ನನಗಿಂತ ಮೊದಲು ಉಪಾಯವನ್ನೂ ಹೇಳಿದಳು. ಹಪ್ಪಳದ ಹಾಗೆ ಡಬ್ಬಿಯಲ್ಲಿಡು ಅಂತ.

ತಮಾಷೆಗೆ ಹೇಳಿದ್ದಲ್ಲ ಅದು. ಬಿಗಿ ಮುಚ್ಚಳದ ದೊಡ್ಡ ಪ್ಲಾಸ್ಟಿಕ್ ಡಬ್ಬಿ ತಂದೆ. ಒಳಗೆ ಅರ್ಧ ಕೆಜಿ ಸಿಲಿಕಾ ಜೆಲ್ಲನ್ನು ಬಟ್ಟೆಯಲ್ಲಿ ಕಟ್ಟಿ ಇಟ್ಟೆ. ಬಣ್ಣ ಬದಲಾಯಿಸುವ ನೀಲಿ ಕಾಳಿನದ್ದೇ ತಗೊಳ್ಳಿ. ತೇವ ಕುಡಿದು ಗುಲಾಬಿ ಆದಾಗ ಬಚ್ಚಲ ಒಲೆಯ ಹತ್ತಿರ ಬಿಸಿ ತಾಗಿಸಿದರೆ ಮತ್ತೆ ನೀಲಿ ಆಗುತ್ತದೆ. ಆ ಕಾಳು ವಿಷ, ಅಡುಗೆ ಪಾತ್ರೆಯಲ್ಲಿ ಮಾತ್ರ ಹುರಿಯಬೇಡಿ. ಊರಿಗೆ ಹೋಗುವಾಗ ಈ ಡಬ್ಬಿ ಸಾಕು. ಉಳಿದ ದಿನ ಅದಕ್ಕಿಂತ ಒಳ್ಳೆ ಮದ್ದು, ದಿನಾ ಒಂದೆರಡು ತಾಸು ಸುಮ್ನೆ ಆನ್ ಮಾಡಿ ಇಡುವುದು. ಒಳಗಿನ ಬಿಸಿಗೇ ತೇವ ಕೂರುವುದಿಲ್ಲ. ಮಳೆಗಾಲದಲ್ಲಿ ಬಳಸುವ ಯಂತ್ರಕ್ಕಿಂತ ಬಳಸದೆ ಜೋಪಾನ ಮಾಡಿದ ಯಂತ್ರವೇ ಬೇಗ ಕೆಡುತ್ತದೆ ಇಲ್ಲಿ. ಪಕ್ಕದ ಮನೆಯವರು ಕವರು ಹಾಕಿ, ಕಪಾಟಿನಲ್ಲಿಟ್ಟು, ಹಬ್ಬಕ್ಕೆ ಮಾತ್ರ ತೆಗೆಯುತ್ತಿದ್ದ ಕ್ಯಾಮೆರಾದ ಲೆನ್ಸಿನೊಳಗೆ ಈಗ ಜೇಡರ ಬಲೆಯ ಹಾಗೆ ಫಂಗಸ್ ಇದೆ.

ಎರಡನೇ ಮಳೆಗಾಲ, 2023ರ ಜುಲೈ. ಒಂದು ಬೆಳಿಗ್ಗೆ ಬಟನ್ ಒತ್ತಿದರೆ ಪರದೆ ಕಪ್ಪು, ಬೀಪ್ ಸದ್ದು ಮಾತ್ರ. ಪೇಟೆಯಲ್ಲಿ ರಿಪೇರಿಯವರಿಗೆ ತೋರಿಸಿದೆ. ಹೊರಗಿನಿಂದಲೇ ನೋಡಿ, ಬೋರ್ಡು ಹೋಗಿದೆ, ಎಂಟು ಸಾವಿರ ಆಗಬಹುದು ಎಂದರು. ಬಿಚ್ಚಿಯೂ ನೋಡಲಿಲ್ಲ. ವಾಪಸ್ ತಂದೆ. ಮನೆಯಲ್ಲಿ ಸ್ಟಾರ್ ಸ್ಕ್ರೂಡ್ರೈವರ್ ಇತ್ತು. ಕೆಳಗಿನ ತಟ್ಟೆಗೆ ಸಾದಾ ಸ್ಕ್ರೂಗಳು, ಬಿಚ್ಚಿದರೂ ಕಳಚಿ ಬೀಳದೆ ತಟ್ಟೆಯಲ್ಲೇ ನಿಲ್ಲುವಂಥವು. ಆಫೀಸು ಲ್ಯಾಪ್‌ಟಾಪುಗಳ ದೊಡ್ಡ ಗುಣ ಇದು. ಅವನ್ನು ಮಾಡುವಾಗಲೇ ಒಬ್ಬ ರಿಪೇರಿಯವನನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ.

ರ‍್ಯಾಮ್ ಪಟ್ಟಿ ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ಬಂಗಾರದ ಬಣ್ಣದ ಹಲ್ಲುಗಳ ಮೇಲೆ ಮಸುಕು ಮಸುಕು ಪದರ. ಉಪ್ಪುಗಾಳಿಯ ಕೆಲಸ. ಶಾಲೆ ಮಕ್ಕಳ ಬಿಳಿ ರಬ್ಬರಿನಿಂದ ಮೆತ್ತಗೆ ಉಜ್ಜಿದೆ, ಪುಡಿ ಒಂದಿಷ್ಟೂ ಇಲ್ಲದ ಹಾಗೆ ಬ್ರಷ್ಷಿನಿಂದ ಕೊಡವಿದೆ, ಮತ್ತೆ ಕೂರಿಸಿದೆ. ಆನ್ ಆಯಿತು. ಐದು ರೂಪಾಯಿ ರಬ್ಬರು, ಎಂಟು ಸಾವಿರದ ಬೋರ್ಡು. ಆವತ್ತಿನಿಂದ ಪ್ರತಿ ವರ್ಷ ಮೇ ಕೊನೆಗೆ ಮತ್ತು ದೀಪಾವಳಿ ಹೊತ್ತಿಗೆ ಬಿಚ್ಚಿ ಒರೆಸುತ್ತೇನೆ. ಬಿಚ್ಚುವ ಮೊದಲು ಚಾರ್ಜರ್ ಕಿತ್ತು, ಬ್ಯಾಟರಿಯ ವೈರೂ ತೆಗೆಯಬೇಕು, ಅದೊಂದು ಮರೆಯಬಾರದು.

ಹೀಗೆ ಬಿಚ್ಚಿದಾಗಲೇ ಒಮ್ಮೆ ಫ್ಯಾನಿನ ಪಕ್ಕ ಇರುವೆಗಳ ಸಂಸಾರ ಸಿಕ್ಕಿತು, ಮೊಟ್ಟೆ ಸಮೇತ. ಬೆಚ್ಚಗಿನ, ಒಣಗಿದ ಜಾಗ ಮನೆಯಲ್ಲಿ ಅದೊಂದೇ ಇದ್ದಿರಬೇಕು ಪಾಪ. ಸಣ್ಣ ಕಂದು ಇರುವೆ. ಚಗಳಿ ಆಗಿದ್ದರೆ ಚಟ್ನಿಯಾದರೂ ಆಗುತ್ತಿತ್ತು.

ಇನ್ನು ಕರೆಂಟಿನ ಕತೆ. ನಮ್ಮ ಜಿಲ್ಲೆಯ ಕೈಗಾ ಅಣು ವಿದ್ಯುತ್ ಸ್ಥಾವರದ ಒಂದನೇ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ಒಮ್ಮೆಯೂ ನಿಲ್ಲದೆ ಓಡಿ ವಿಶ್ವದಾಖಲೆ ಮಾಡಿತ್ತು. ಜೂನ್ ತಿಂಗಳಲ್ಲಿ ನಮ್ಮ ಮನೆಯ ದೀಪ 962 ನಿಮಿಷ ಒಂದೇ ಸಮ ಉರಿದರೆ ನಮಗೆ ಅದೇ ದಾಖಲೆ. ಮರದ ಹೆರೆ ತಂತಿ ಮೇಲೆ ಬಿದ್ದರೆ ಕೈಗಾ ಏನು ಮಾಡೀತು? ಇಂಥ ಕಡೆ ಡೆಸ್ಕ್‌ಟಾಪು ತಗೊಳ್ಳುವುದೇ ತಪ್ಪು. ಲ್ಯಾಪ್‌ಟಾಪಿಗೆ ಹೊಟ್ಟೆಯೊಳಗೇ ಯುಪಿಎಸ್ ಇದೆ. ವೋಲ್ಟೇಜ್ ಬಿದ್ದರೂ ಅದಕ್ಕೆ ಚಿಂತೆ ಇಲ್ಲ. ಅಡಾಪ್ಟರ್ ಮೇಲೆ 100ರಿಂದ 240 ವೋಲ್ಟ್ ಎಂದು ಬರೆದಿರುತ್ತದಲ್ಲ, ಅದು ನಿಜ. ಸಂಜೆ ತೋಟದ ಪಂಪುಗಳು ಶುರುವಾಗಿ ನಮ್ಮ ಫ್ಯಾನು ಎಣಿಸುವ ಹಾಗೆ ತಿರುಗುವಾಗಲೂ ಚಾರ್ಜ್ ಆಗುತ್ತಲೇ ಇರುತ್ತದೆ.

ಸಿಡಿಲು ಬೇರೆ ವಿಷಯ. ಏಪ್ರಿಲ್-ಮೇಯಲ್ಲಿ, ಮತ್ತೆ ಅಕ್ಟೋಬರದಲ್ಲಿ, ಸಂಜೆ ಗುಡುಗು ಕೇಳಿದ ಕೂಡಲೇ ಪ್ಲಗ್ ಕೀಳುವುದು ನಮ್ಮ ಮನೆಯಲ್ಲಿ ದೀಪ ಹಚ್ಚುವಷ್ಟೇ ರೂಢಿ. ಸ್ವಿಚ್ಚು ಆಫ್ ಮಾಡಿದರೆ ಸಾಲದು, ಕೀಳಲೇಬೇಕು. ಮೊದಲು ಫೋನಿನ ತಾಮ್ರದ ತಂತಿಯಲ್ಲಿ ಸಿಡಿಲು ಬಂದು ಎರಡು ಮೋಡೆಮ್ ಸುಟ್ಟಿದ್ದವು. ಫೈಬರ್ ಬಂದ ಮೇಲೆ ಆ ದಾರಿ ಬಂದಾಯಿತು. ಗಾಜಿನ ಎಳೆಯಲ್ಲಿ ಬೆಳಕು ಹೋಗುತ್ತದೆ, ಕರೆಂಟು ಹೋಗುವುದಿಲ್ಲ. ಆದರೆ ಅದರ ಡಬ್ಬಿಗೂ ಒಂದು ಪ್ಲಗ್ ಇದೆ ಎನ್ನುವುದು ಮೂರನೆಯದು ಸುಟ್ಟ ಮೇಲೆ ನೆನಪಾಯಿತು.

ಈ ನಾಲ್ಕು ವರ್ಷದ ದೊಡ್ಡ ಖರ್ಚು ಬ್ಯಾಟರಿ. 2024ರ ಜುಲೈ ಮೊದಲ ವಾರ ಟಚ್‌ಪ್ಯಾಡ್ ಒತ್ತಲಿಕ್ಕೇ ಆಗುತ್ತಿರಲಿಲ್ಲ, ಕೆಳಗಿನಿಂದ ಏನೋ ನೂಕಿದ ಹಾಗೆ. ಬಿಚ್ಚಿದರೆ ಬ್ಯಾಟರಿ ಪೂರಿಯ ಹಾಗೆ ಉಬ್ಬಿತ್ತು. ಹಗಲೂ ರಾತ್ರಿ ಚಾರ್ಜರ್ ಚುಚ್ಚಿಟ್ಟು ನೂರಕ್ಕೆ ನೂರು ತುಂಬಿಸಿಟ್ಟ ಫಲ. ಲಿಥಿಯಂ ಬ್ಯಾಟರಿಗೆ ಹೊಟ್ಟೆ ಬಿರಿಯುವಷ್ಟು ಊಟವೂ ಆಗದು, ಬಿಸಿಯೂ ಆಗದು. ಉಬ್ಬಿದ್ದನ್ನು ಚುಚ್ಚಬೇಡಿ, ಒತ್ತಬೇಡಿ, ಬೆಂಕಿ ಹತ್ತುತ್ತದೆ. ನಾನು ಬಿಚ್ಚಿ ಅಂಗಳದ ಕಟ್ಟೆಯ ಮೂಲೆಯಲ್ಲಿ, ಮಳೆ ತಾಗದ ಹಾಗೆ, ಮರಳು ತುಂಬಿದ ಮಡಕೆಯಲ್ಲಿ ಇಟ್ಟೆ. ಆಮೇಲೆ ಹುಬ್ಬಳ್ಳಿಯ ಅಂಗಡಿಗೇ ವಾಪಸ್ ಕೊಟ್ಟೆ.

ಹೊಸ ಬ್ಯಾಟರಿಗೆ ಆನ್‌ಲೈನಿನಲ್ಲಿ ಆರ್ಡರ್ ಮಾಡಿದೆ. ಪ್ರಯಾಣಿಕರ ವಿಮಾನದಲ್ಲಿ ಬಿಡಿ ಲಿಥಿಯಂ ಬ್ಯಾಟರಿಯನ್ನು ಸರಕಾಗಿ ಸಾಗಿಸುವ ಹಾಗಿಲ್ಲ, ನಮಗೆ ಬರುವುದು ಲಾರಿಯಲ್ಲೇ. ಲಾರಿ ಹೊರಟಿತು. ಜುಲೈ 16ರಂದು ಅಂಕೋಲಾ ಕಡೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು. ಮೊದಲ ದಿನ ನಾನು ಪಾರ್ಸೆಲ್ ಎಲ್ಲಿದೆ ಎಂದು ಫೋನಿನಲ್ಲಿ ನೋಡುತ್ತಲೇ ಇದ್ದೆ. ಸಂಜೆ ಸುದ್ದಿ ಪೂರ್ತಿ ಗೊತ್ತಾದ ಮೇಲೆ ಅದನ್ನು ನೋಡುವುದಕ್ಕೇ ನಾಚಿಕೆಯಾಯಿತು. ಜನ ಮನುಷ್ಯರನ್ನು ಹುಡುಕುತ್ತಿದ್ದರು.

ಆ ತಿಂಗಳ ರಿಟರ್ನನ್ನು ಬ್ಯಾಟರಿ ಇಲ್ಲದೆ, ಬರೀ ಚಾರ್ಜರ್ ಮೇಲೆ ಮುಗಿಸಿದೆ. ಕರೆಂಟು ಹೋಗಿ ಇನ್ವರ್ಟರ್ ಬರುವ ಆ ಒಂದು ಕ್ಷಣಕ್ಕೇ ಲ್ಯಾಪ್‌ಟಾಪು ಸತ್ತು ಹೋಗುತ್ತಿತ್ತು. ಇನ್ವರ್ಟರಿನ ಹಿಂದೆ ಯುಪಿಎಸ್ ಮೋಡ್ ಎಂದು ಸಣ್ಣ ಸ್ವಿಚ್ಚು ಇರುವುದು ಆಗ ಕಣ್ಣಿಗೆ ಬಿತ್ತು. ಅದನ್ನು ಹಾಕಿದ ಮೇಲೆ ತೊಂದರೆ ಇಲ್ಲ. ಏಳು ವರ್ಷದಿಂದ ಅಲ್ಲೇ ಇತ್ತು ನೋಡಿ. ಬ್ಯಾಟರಿ ಆಗಸ್ಟಿನಲ್ಲಿ ಬಂತು, 3,200 ರೂಪಾಯಿ. ಬಂದ ದಿನವೇ ಚಾರ್ಜ್ 80ಕ್ಕೆ ನಿಲ್ಲುವ ಹಾಗೆ, ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಬಯೋಸ್‌ನಲ್ಲಿ ಸೆಟ್ ಮಾಡಿದೆ. ಒಂದೂವರೆ ವರ್ಷ ಆಯಿತು, ಈಗಲೂ ಮೂರೂವರೆ ತಾಸು ಬರುತ್ತದೆ.

ವೇಗದ ಬಗ್ಗೆ ಜಾಸ್ತಿ ಹೇಳಲಿಕ್ಕೆ ಇಲ್ಲ. ಲೆಕ್ಕ, ಬ್ರೌಸರ್, ರಾತ್ರಿ ಯಕ್ಷಗಾನದ ವಿಡಿಯೊ, ಎಲ್ಲ ಆಗುತ್ತದೆ. ಪರದೆ ಮಂಕು, ಜಗಲಿಯಲ್ಲಿ ಹಗಲು ಕೂತರೆ ನಮ್ಮ ಮುಖವೇ ಕಾಣುತ್ತದೆ. ಸ್ಪೀಕರ್ ಕೆಟ್ಟದು. ಹೆಂಚಿನ ಮೇಲೆ ಮಳೆ ಹೊಡೆಯುವಾಗ ಚಂಡೆಯೂ ಕೇಳುವುದಿಲ್ಲ.

ತಗೊಳ್ಳುವಾಗ ಗೊತ್ತಿಲ್ಲದೆ ಒಂದು ಅದೃಷ್ಟ ಹೊಡೆದಿತ್ತು. ವಿಂಡೋಸ್ 11ಕ್ಕೆ ಕಮ್ಮಿಯೆಂದರೂ ಇಂಟೆಲ್‌ನ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. ನನ್ನದು ಸರಿಯಾಗಿ ಎಂಟನೆಯದು. ಅದೇ ಅಂಗಡಿಯಲ್ಲಿ ಮೂರು ಸಾವಿರ ಕಮ್ಮಿ ಎಂದು ಏಳನೆಯದನ್ನು ತಗೊಂಡ ಶಿರಸಿಯ ಭಾವ ಈಗಲೂ ನನ್ನನ್ನು ಬೈಯುತ್ತಾನೆ, ಆರಿಸಿಕೊಟ್ಟವನು ನಾನೇ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತಲ್ಲ, ಆ ವಾರವೇ ಹೋಗಿ ವಿಂಡೋಸಿನ ಬದಲು ಲಿನಕ್ಸ್ ಮಿಂಟ್ ಹಾಕಿಕೊಟ್ಟು ಬಂದೆ. ಕನ್ನಡ ಟೈಪಿಂಗ್ ಚೆನ್ನಾಗಿಯೇ ಬರುತ್ತದೆ. ಅವನಿಗೆ ಬೇಕಾದದ್ದು ಅಡಿಕೆ ದರ ಮತ್ತು ಯೂಟ್ಯೂಬು. ಎರಡೂ ಮೊದಲಿಗಿಂತ ಬೇಗ ತೆರೆಯುತ್ತವೆ ಎಂದು ಅವನೇ ಒಪ್ಪಿದ್ದಾನೆ. ಆದರೂ ಬೈಯುತ್ತಾನೆ. ನನ್ನ ಲೆಕ್ಕದ ಸಾಫ್ಟ್‌ವೇರ್ ಮಾತ್ರ ವಿಂಡೋಸಿನಲ್ಲೇ ಇರುವುದು, ಹಾಗಾಗಿ ನಾನು ಅತ್ತ ಹೋಗಿಲ್ಲ.

2023ರಲ್ಲಿ ಖಾಲಿ ಇದ್ದ ಇನ್ನೊಂದು ಸ್ಲಾಟಿಗೆ 8 ಜಿಬಿ ರ‍್ಯಾಮ್ ಹಾಕಿದ್ದೆ, 1,700 ರೂಪಾಯಿ. ಮೊನ್ನೆ ಗೆಳೆಯನಿಗೆಂದು ಅದೇ ಪಟ್ಟಿ ಕೇಳಿದರೆ ದುಪ್ಪಟ್ಟಿಗಿಂತ ಜಾಸ್ತಿ ಹೇಳಿದರು. ಮೆಮೊರಿ ಮಾಡುವ ಕಾರ್ಖಾನೆಗಳೆಲ್ಲ ಎಐ ಸರ್ವರುಗಳ ಕಡೆ ವಾಲಿವೆ, ನಮ್ಮಂಥವರ ಪಾಲಿಗೆ ಉಳಿದದ್ದು ಕಮ್ಮಿ. ಮೈಕ್ರಾನ್ ಕಂಪನಿ ತನ್ನ ಕ್ರೂಶಿಯಲ್ ಹೆಸರಿನ ಚಿಲ್ಲರೆ ವ್ಯಾಪಾರವನ್ನೇ ನಿಲ್ಲಿಸುವುದಾಗಿ 2025ರ ಡಿಸೆಂಬರಿನಲ್ಲಿ ಹೇಳಿತು. ಹಳೇ ಲ್ಯಾಪ್‌ಟಾಪು ಮಾರುವವರು ಈಗ ಒಳಗಿನ ರ‍್ಯಾಮ್ ಕಿತ್ತು ಬೇರೆ ಮಾರಿದರೂ ಆಶ್ಚರ್ಯ ಇಲ್ಲ. ತಗೊಳ್ಳುವಾಗ ಅಂಗಡಿಯಲ್ಲೇ ಆನ್ ಮಾಡಿಸಿ ಎಷ್ಟಿದೆ ನೋಡಿ.

ಹೊಸ ತೆಳ್ಳಗಿನ ಲ್ಯಾಪ್‌ಟಾಪುಗಳಲ್ಲಿ ಎಷ್ಟೋ ಕಡೆ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಇಂಟೆಲ್ 2024ರಲ್ಲಿ ಬಿಟ್ಟ ಲೂನಾರ್ ಲೇಕ್‌ನಲ್ಲಂತೂ ಅದು ಪ್ರೊಸೆಸರಿನ ಜೊತೆಯಲ್ಲೇ ಕೂತಿದೆ. ಬ್ಯಾಟರಿ ಜಾಸ್ತಿ ಬರುತ್ತದೆ, ಒಪ್ಪಿದೆ. ಬೆಸೆದ ಮೇಲೆ ಉಜ್ಜಲಿಕ್ಕೆ ಹಲ್ಲೂ ಇಲ್ಲ, ಮಸುಕಾಗುವ ತೊಂದರೆಯೂ ಇಲ್ಲ, ಅದೂ ನಿಜ. ಆದರೆ ಒಂದು ಚಿಪ್ಪು ಹೋದರೆ ಆ ರಿಪೇರಿಯವರು ಹೇಳಿದ ಎಂಟು ಸಾವಿರ ಆಗ ಸುಳ್ಳಾಗಿರುವುದಿಲ್ಲ. ಹೊಸ ಲ್ಯಾಪ್‌ಟಾಪು ಮೈಕ್ರೋಸಾಫ್ಟಿನ ಕೋಪೈಲಟ್ ಪ್ಲಸ್ ಎಂದು ಕರೆಸಿಕೊಳ್ಳಲು ಎಐ ಲೆಕ್ಕಕ್ಕೇ 40 ಟಾಪ್ಸ್, ಅಂದರೆ ಸೆಕೆಂಡಿಗೆ 40 ಲಕ್ಷ ಕೋಟಿ ಲೆಕ್ಕ ಮಾಡುವ ಶಕ್ತಿಯ ಚಿಪ್ಪು ಬೇಕಂತೆ. ಇರಲಿ. ಬೂಸ್ಟಿನ ಬಗ್ಗೆ ಅವರು ಏನೂ ಹೇಳಿಲ್ಲ.

ಅಣ್ಣನ ಮಗ ತನ್ನ ಫೋನು ಐಪಿ68, ಅಂದರೆ ನೀರು ತಡೆಯುವ ಪರೀಕ್ಷೆ ಪಾಸಾದದ್ದು ಎಂದು ಸಮುದ್ರಕ್ಕೇ ತಗೊಂಡು ಹೋಗುತ್ತಾನೆ. ಆ ಪರೀಕ್ಷೆ ಮಾಡುವುದು ಸಿಹಿನೀರಿನಲ್ಲಿ ಮಾರಾಯ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಈಗ ಚಾರ್ಜಿಂಗ್ ಪಿನ್ನು ಒಂದು ಬದಿ ತಿರುಗಿಸಿದರೆ ಮಾತ್ರ ಹಿಡಿಯುತ್ತದೆ.

ಹೀಗೇ ಒಂದನ್ನು ತಗೊಳ್ಳಬಹುದಾ ಎಂದು ಕೇಳುವವರಿಗೆ, ಬಿಚ್ಚಲು ಧೈರ್ಯ ಇದ್ದರೆ ಹೌದು, ಇಲ್ಲದಿದ್ದರೆ ವಾರಂಟಿ ಇರುವ ಹೊಸದೇ ತಗೊಳ್ಳಿ. ನನ್ನದರ ಎಡಗಡೆ ಹಿಂಜು ಈಚೆಗೆ ಕಿರ್ ಎನ್ನುತ್ತಿದೆ. ಸ್ಕ್ರೂ ತುಕ್ಕು ಹಿಡಿದಿದೆ, ತೆಂಗಿನೆಣ್ಣೆ ಬಿಟ್ಟೆ, ಎರಡು ದಿನ ಸುಮ್ಮನಿತ್ತು. ಜೋಡಿಗೆ 900 ರೂಪಾಯಿ ಅಂತೆ. ಮೇ ಒಳಗೆ ತರಿಸಿಬಿಡಬೇಕು. ಮಳೆ ಹಿಡಿದ ಮೇಲೆ ಲಾರಿ ಎಲ್ಲಿ ನಿಲ್ಲುತ್ತದೋ ಹೇಳಲಿಕ್ಕೆ ಬರುವುದಿಲ್ಲ.